ತಕ್ಕಡಿ ಹಿಡಿದು ನಿಂತ ದೊಡ್ಡ ಸಾರ್

ತೆಲುಗು ಸೀಮೆಯ ಗಡಿಯೂರು ನಾರಾಯಣಖೇಡದ ನಮ್ಮ ಕಿರಾಣಿ ಅಂಗಡಿಯಲ್ಲಿ ಒಂದು ಸಂಜೆ, ಇಸ್ತ್ರಿ ಹಾಕಿದ ಬಿಳಿ ಅಂಗಿಯ ತೋಳು ಮಡಚಿಕೊಂಡು, ಸರಕಾರಿ ಶಾಲೆಯ ಹೆಡ್‌ಮಾಸ್ತರರೊಬ್ಬರು ತೊಗರಿಬೇಳೆ ತೂಗಲು ನಿಂತರು. ಮೊದಲು ಬಂದ ಗಿರಾಕಿ ಅವರ ಕೈಯಲ್ಲೇ ಕಲಿತ ಹೆಣ್ಣುಮಗಳು. ಕಂಕುಳಲ್ಲಿ ಕೂಸಿತ್ತು.

"ಸಾರ್, ನೀವಿಲ್ಲಿ?" ಎಂದಳು.

"ಹೂಂ, ನಾನೇ. ಏನು ಕೊಡ್ಲಿ ಹೇಳವ್ವ," ಎಂದರು.

ಆಕೆ ಬಂದದ್ದು ತಿಂಗಳ ಸಾಮಾನಿಗೆ. ಕೈಯಲ್ಲಿ ದೊಡ್ಡ ಚೀಲವಿತ್ತು. ಒಂದು ಕಡ್ಡಿಪೆಟ್ಟಿಗೆ ಕೊಂಡು, ಚಿಲ್ಲರೆಯನ್ನೂ ಕೇಳದೆ ಹೋದಳು.

ಆ ಹೆಡ್‌ಮಾಸ್ತರರು ಹೋದ ತಿಂಗಳು ತಾಂಡೂರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅವರ ಮನೆಯವರಿಗೆ ಬೇಸರವಾದೀತು ಅನ್ನುವುದು ಒಂದು ಕಾರಣ. ಆ ಹೆಸರಿನ ಪಕ್ಕದಲ್ಲಿ ನಮ್ಮಪ್ಪನ ಹೆಸರೂ ಬರಬೇಕಾಗುತ್ತದೆ ಅನ್ನುವುದು ಇನ್ನೊಂದು. ಅವರನ್ನು ಎಲ್ಲರೂ ದೊಡ್ಡ ಸಾರ್ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ನನಗೆ ಲೆಕ್ಕ ಕಲಿಸಿದವರು ಅವರು. ಪಾಠ ಮಾಡುತ್ತಿದ್ದದ್ದು ತೆಲುಗಿನಲ್ಲಿ, ಬೈಯುತ್ತಿದ್ದದ್ದು ಕನ್ನಡದಲ್ಲಿ, ಮೆಚ್ಚಿದರೆ ಉರ್ದು. ಕನ್ನಡದ ಮನೆಗಳಿಂದ ಬಂದ ನಮಗೆ ಶಾಲೆಯಲ್ಲಿ ನಮ್ಮ ಮಾತು ಕಿವಿಗೆ ಬೀಳುತ್ತಿದ್ದದ್ದು ಕಿವಿ ಹಿಂಡಿಸಿಕೊಳ್ಳುವಾಗ ಮಾತ್ರ. "ಕಣ್ಣು ಪುಸ್ತಕದಾಗ ಇಡು ಅಂದ್ರ ಕಿಡಕ್ಯಾಗ ಇಡ್ತೀ ಏನು?" ಅನ್ನುವರು. ಲೆಕ್ಕ ಸರಿ ಬಂದರೆ ಅದೇ ಬಾಯಲ್ಲಿ "ಶಾಬಾಶ್ ಬೇಟಾ", ಹುಡುಗಿಯಾದ ನನಗೂ. ಒಂದು ಶಾಬಾಶ್ ಸಿಕ್ಕ ದಿನ ನಾನು ಮನೆಗೆ ಓಡುತ್ತಾ ಬರುತ್ತಿದ್ದೆ.

ಅವರು ಸಾಧು ಮನುಷ್ಯರೇನೂ ಅಲ್ಲ. ಶೋಕಿ ಬಹಳ. ಮೀಸೆಗೆ ಕಪ್ಪು ಹಚ್ಚುತ್ತಿದ್ದರು, ಅಂಗಿಯ ಕಿಸೆಯಲ್ಲಿ ಸಣ್ಣ ಬಾಚಣಿಕೆ ಇರುತ್ತಿತ್ತು. ಬಿಳಿ ಅಂಗಿಗೆ ಸುಣ್ಣದ ಕಲೆಯಾದರೆ ಆ ದಿನವಿಡೀ ಯಾರಿಗೂ ನೆಮ್ಮದಿಯಿಲ್ಲ. ಜಾಣ ಹುಡುಗರ ಮೇಲೆ ಪಕ್ಷಪಾತ, ದಡ್ಡರ ಮೇಲೆ ಸಿಟ್ಟು. ಜಿಪುಣತನದಲ್ಲಂತೂ ಹೆಸರುವಾಸಿ. ಜೊತೆಯ ಮಾಸ್ತರರಿಗೆ ಒಂದು ಚಹಾ ಕುಡಿಸಿದ್ದನ್ನು ಕಂಡವರಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೀಟಿನ ಹಿಂದೆ ಚಿಲ್ಲರೆ ಬಾಕಿ ಬರೆದುಕೊಟ್ಟರೆ, ಇಳಿದ ಮೇಲೂ ಬಸ್ಸಿನ ಮುಂದೆ ನಿಂತು ವಸೂಲು ಮಾಡಿಯೇ ದಾರಿ ಬಿಡುತ್ತಿದ್ದರು.

ಅವರಪ್ಪ ಜಹೀರಾಬಾದಿನ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲರು, ಚೀಲ ಹೊತ್ತವರು. ಮನೆತನ ಬೌದ್ಧರದು, ಅಂದರೆ ಊರ ಹೊರಗಿನ ಕೇರಿಯಿಂದ ಬಂದವರು. ನಾವು ಲಿಂಗಾಯತರು, ಬಜಾರದಲ್ಲಿ ಅಜ್ಜನ ಕಾಲದ ಅಂಗಡಿ. ಇದನ್ನು ಬಿಡಿಸಿ ಹೇಳದೆ ಗತಿಯಿಲ್ಲ. ದೊಡ್ಡ ಸಾರ್ ಅಂಗಡಿಗೆ ಬಂದರೆ ಅಪ್ಪ ಹೊರಗಿನ ಬೆಂಚು ತೋರಿಸುತ್ತಿದ್ದ. ಹೋಟೆಲಿನಿಂದ ಚಹಾ ತರಿಸಿದರೆ ಅವರಿಗೆ ಕಾಗದದ ಕಪ್ಪು, ಉಳಿದವರಿಗೆ ಗಾಜಿನ ಗ್ಲಾಸು. ಅಪ್ಪ ಯಾರಿಗೂ ಕೆಟ್ಟ ಮಾತಾಡಿದವನಲ್ಲ. ದಿನಾ ಬೆಳಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮಾಡಿಯೇ ಅಂಗಡಿ ತೆಗೆಯುತ್ತಾನೆ. ಕಪ್ಪಿನ ವಿಷಯ ಅವನು ಯೋಚಿಸಿ ಮಾಡಿದ್ದೂ ಅಲ್ಲ. ಹೋಟೆಲಿನ ಹುಡುಗನಿಗೂ ಹೇಳಬೇಕಾಗಿರಲಿಲ್ಲ, ಅವನಿಗೆ ಗೊತ್ತಿತ್ತು.

ನಾನು ಬಿ.ಎಡ್. ಮುಗಿಸಿ ನೌಕರಿಯ ಪರೀಕ್ಷೆಗೆ ಕಾಯುತ್ತಾ ಅಂಗಡಿಯ ಗಲ್ಲಾದ ಮುಂದೆ ಕೂರುತ್ತಿದ್ದ ಕಾಲಕ್ಕೆ ದೊಡ್ಡ ಸಾರ್ ನಮ್ಮೂರಿಗೆ ಹತ್ತಿರದ ಹಳ್ಳಿಯೊಂದರ ಶಾಲೆಗೆ ಹೆಡ್‌ಮಾಸ್ತರರಾಗಿದ್ದರು. ಅಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವವಳು ತುಳಜಮ್ಮ. ಗಂಡನಿಲ್ಲದ ಹೆಂಗಸು, ಗಟ್ಟಿ ಬಾಯಿ. ಮಕ್ಕಳಿಗೆ ಬಡಿಸುವ ಮೊದಲು ಹೆಡ್‌ಮಾಸ್ತರರು ರುಚಿ ನೋಡಬೇಕು ಅನ್ನುವುದು ನಿಯಮ. ದೊಡ್ಡ ಸಾರ್ ನಿಂತುಕೊಂಡೇ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚುತ್ತಿದ್ದರಂತೆ.

"ತುಳಜಮ್ಮ, ಉಪ್ಪು ಎಲ್ಲಿ ಹೋತು?"

"ನಿಮ್ಮ ಬಿಲ್ಲು ಹೋದಲ್ಲೇ ಹೋಗ್ಯಾದ ಸಾರ್. ಎರಡೂ ಕೂಡೇ ಬರ್ತಾವ."

ಈ ಜಗಳ ದಿನವೂ ನಡೆಯುತ್ತಿತ್ತು ಎಂದು ಆ ಊರಿನಿಂದ ಸಾಮಾನಿಗೆ ಬರುವವರು ನಗುತ್ತಾ ಹೇಳುತ್ತಿದ್ದರು.

ಬಿಲ್ಲಿನ ಸಂಗತಿ ಹೀಗೆ. ಅಕ್ಕಿ ಸರಕಾರದಿಂದ ಬರುತ್ತದೆ. ಬೇಳೆ, ಎಣ್ಣೆ, ಕಾಯಿಪಲ್ಯ, ಖಾರ, ತತ್ತಿ ಎಲ್ಲವನ್ನೂ ಅಡುಗೆಯವಳೇ ತರಬೇಕು. ತಂದು ಬೇಯಿಸಿ ಬಡಿಸಿದ ಮೇಲೆ ಬಿಲ್ಲು ಮೇಲಕ್ಕೆ ಹೋಗುತ್ತದೆ, ರೊಕ್ಕ ಕೆಳಕ್ಕೆ ಬರುತ್ತದೆ. ಹೋದದ್ದು ಹೋಗುತ್ತಲೇ ಇರುತ್ತದೆ, ಬರುವುದು ಬರುವುದಿಲ್ಲ. ತುಳಜಮ್ಮ ಮೊದಲು ಕಿವಿಯೋಲೆ ಒತ್ತೆಯಿಟ್ಟು ನಡೆಸಿದಳು. ಆಮೇಲೆ ದೊಡ್ಡ ಸಾರ್ ಅವಳನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದು, ಅದೇ ಹೊರಗಿನ ಬೆಂಚಿನ ಮೇಲೆ ಕುಳಿತು ಹೇಳಿದರು:

"ಸಾವ್ಕಾರ್ರೇ, ಈಕಿಗಿ ಉದ್ರಿ ಕೊಡ್ರಿ. ಬಿಲ್ಲು ಬಂದ ಕೂಡ್ಲೆ ಕೊಡ್ತಾಳ. ನನ್ನ ಮಾತಿನ ಮ್ಯಾಲೆ ಕೊಡ್ರಿ."

ಅಪ್ಪ ಕೊಟ್ಟ. ಒಂದು ತಿಂಗಳದು ಮುಂದಿನ ತಿಂಗಳಿಗೆ ಕೂಡಿತು, ಅದು ಮತ್ತೊಂದಕ್ಕೆ. ಚಳಿಗಾಲ ಮುಗಿದು ಬಿಸಿಲು ಏರುವ ಹೊತ್ತಿಗೆ ಅಪ್ಪನಿಗೆ ಜಹೀರಾಬಾದಿನ ಸಗಟು ವ್ಯಾಪಾರಿ ಸಾಮಾನು ಕೊಡುವುದು ನಿಲ್ಲಿಸಿದ. ಫೋನಿನಲ್ಲಿ ಅವನ ಜೊತೆ ಮಾತಾಡಿ ಇಟ್ಟ ಮೇಲೆ ಅಪ್ಪ ಉದ್ರಿಯ ವಹಿ ತೆಗೆದು ತುಳಜಮ್ಮನ ಬಾಕಿ ಕೂಡಿಸಿದ. ಮರುದಿನ ಆಟೋ ಒಂದನ್ನು ಕರೆದುಕೊಂಡು ತಾನೇ ಆ ಹಳ್ಳಿಗೆ ಹೋದ. ಮಧ್ಯಾಹ್ನ ಮರಳಿ ಬಂದಾಗ ಆಟೋದಲ್ಲಿ ಶಾಲೆಯ ದೊಡ್ಡ ಬೋಗೋಣಿ, ಗ್ಯಾಸಿನ ಭಟ್ಟಿ ಇದ್ದವು. ಸಾಲ ತೀರುವ ತನಕ ಒತ್ತೆ.

ನಾನು ಬೋಗೋಣಿ ಇಳಿಸಲು ಕೈಹಾಕಿದೆ. ಒದ್ದೆಯಾಗಿತ್ತು. ಆಟೋದವ ಹೇಳಿದ: "ಮಕ್ಕಳು ಉಂಡು ಏಳ್ಲಾಕತ್ತಿದ್ವು. ಸಾವ್ಕಾರ್ರು ಒಯ್ತೀನಿ ಅಂದ ಕೂಡ್ಲೆ ಆ ಅಮ್ಮ ಏನೂ ಅನ್ಲಿಲ್ಲ. 'ತಾಳ್ರಿ, ಎಂಜಲ ಬೋಗೋಣಿ ಹ್ಯಾಂಗ ಕೊಡ್ಲಿ, ತೊಳದು ಕೊಡ್ತೀನಿ' ಅಂದು ಬೋರಿಂಗ್ ಕಡಿ ಒಯ್ದು, ಬೂದಿ ಹಚ್ಚಿ ತಿಕ್ಕಿ ತಂದ್ಲು. ಮಕ್ಕಳೆಲ್ಲಾ ನೋಡ್ಕೋತ ನಿಂತಿದ್ವು."

ಅಪ್ಪ ಆ ಮಾತು ಕೇಳಿಸದವನಂತೆ ಒಳಗೆ ಹೋಗಿ ಕೈ ತೊಳೆದ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ದೊಡ್ಡ ಸಾರ್ ಆ ಹೊತ್ತು ಮೀಟಿಂಗಿಗೆ ಹೋಗಿದ್ದರು. ಸಂಜೆ ನೇರವಾಗಿ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂರಲಿಲ್ಲ.

"ಸಾವ್ಕಾರ್ರೇ, ಬೋಗೋಣಿ ಯಾಕ ತಂದ್ರಿ?"

"ನಾನೂ ಧಂದೆ ಮಾಡಾಂವ ಸಾರ್. ಜಹೀರಾಬಾದಿನಾಂವ ನನ್ನ ಕುತ್ತಿಗಿ ಹಿಡದಾನ. ಆಕಿ ಕೊಡಲಿಲ್ಲಂದ್ರ ನಾ ಯಾರಿಗಿ ಕೇಳ್ಲಿ?"

"ಆಕಿ ನಿಮ್ಮ ಬ್ಯಾಳಿ ಒಯ್ದು ತನ್ನ ಮನ್ಯಾಗ ಕುದಸ್ಯಾಳೇನು?"

"ಇಲ್ಲ."

"ಉಂಡವರು ಯಾರು?"

"ಮಕ್ಕಳು."

"ಮತ್ತ ಮಕ್ಕಳ ಕಡಿಂದ ವಸೂಲ್ ಮಾಡ್ತೀರೇನು?"

ಅಪ್ಪನ ಮುಖ ಕೆಂಪಾಯಿತು. "ಸರಕಾರ ಕೊಡಬೇಕು, ನನಗೂ ಗೊತ್ತದ. ಸರಕಾರದ ಮನಿ ಎಲ್ಲಿ ಅದ ಹೇಳ್ರಿ, ಅಲ್ಲೇ ಹೋಗಿ ಕೇಳ್ತೀನಿ."

"ಬಿಲ್ಲು ಪಾಸ್ ಮಾಡೋ ಕಚೇರಿ ನಿಮ್ಮೂರಾಗೇ ಅದ ಅಲ್ಲೇನು. ನೀವು ಅಲ್ಲಿಗಿ ಹೋಗಂಗಿಲ್ಲ. ತುಳಜಮ್ಮನ ಬಾಗಲ ತಗಡಿಂದು ಅದ. ಬಡದ್ರ ಸಪ್ಪಳ ಜೋರ್ ಆಗ್ತದ. ಅದಕ್ಕ ಅಲ್ಲೇ ಹೋಗ್ತೀರಿ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ದೊಡ್ಡ ಸಾರ್ ದನಿ ತಗ್ಗಿಸಿ, "ಉದ್ರಿ ಕೊಟ್ಟದ್ದು ನನ್ನ ಮಾತಿನ ಮ್ಯಾಲೆ. ಹೌದಲ್ರಿ?" ಎಂದರು.

"ಹೌದು."

"ಹಂಗಾದ್ರ ಆಕಿದಲ್ಲ, ಸಾಲ ನನ್ನದು. ಬೋಗೋಣಿ ಈಗೇ ಕಳಸ್ರಿ. ನಾಳಿ ಮಕ್ಕಳು ಉಣಬೇಕು."

"ಮತ್ತ ರೊಕ್ಕ?"

"ರೊಕ್ಕ ಕೊಡಂಗಿಲ್ಲ," ಎಂದರು ದೊಡ್ಡ ಸಾರ್. "ಹಿಂದ ಒಮ್ಮೆ ಕಿಸೆದಾಗಿಂದ ಕೊಟ್ಟೀನಿ. ಕಚೇರ್ಯಾಗ ಏನಂದ್ರು ಗೊತ್ತದೇನು? 'ನಿಮ್ಮ ಸಾಲ್ಯಾಗ ತಕರಾರೇ ಇಲ್ಲ ಸಾರ್, ಎಲ್ಲಾರೂ ನಿಮ್ಮಂಗ ಇರಬೇಕು' ಅಂದ್ರು. ಇನ್ನೊಮ್ಮೆ ಕೊಟ್ರ ಅದೇ ರೂಢಿ ಆಗ್ತದ. ನಿಮಗ ಸಂಜಿಗಿ ಒಬ್ಬ ಆಳು ಬೇಕಂತ ಬೋರ್ಡ್ ಹಾಕೀರಿ. ನಾ ನಿಲ್ತೀನಿ, ಊರೆಲ್ಲಾ ನೋಡ್ಲಿ. ಅವನ ಕೂಲಿ ಏನದ, ಅದನ್ನ ಲೆಕ್ಕದಾಗ ಮುರಕೋರಿ."

ಅಪ್ಪ ನಕ್ಕ. ಇದು ಚೇಷ್ಟೆ ಎಂದುಕೊಂಡ. ದೊಡ್ಡ ಸಾರ್ ಅಂಗಿಯ ತೋಳು ಮಡಚತೊಡಗಿದರು.

"ಸಾರ್, ನೀವು ಹೆಡ್‌ಮಾಸ್ತರ್ರು. ಮಂದಿ ಏನಂದಾರು?"

"ನಮ್ಮಪ್ಪ ಗಂಜಿನ್ಯಾಗ ಚೀಲ ಹೊತ್ತಾನ. ನನಗ ಪುಡಿಕೆ ಕಟ್ಟಾಕ ಬರಂಗಿಲ್ಲೇನು?"

ಅವರು ಒಳಗೆ ಬಂದ ಮೇಲೆ ಅಪ್ಪನೇ ಆಟೋ ಕರೆಸಿ ಬೋಗೋಣಿ, ಭಟ್ಟಿ ಎರಡನ್ನೂ ವಾಪಸು ಕಳಿಸಿದ. ಹೀಗೆ ನಮ್ಮ ಅಂಗಡಿಗೆ ಹೆಡ್‌ಮಾಸ್ತರರು ಆಳಾದರು.

ಅವರಿಗೆ ಕಾಗದದ ಪುಡಿಕೆ ಕಟ್ಟಲು ಬರುತ್ತಿರಲಿಲ್ಲ. ಅವರು ಕಟ್ಟಿದ ಸಕ್ಕರೆ ಗಿರಾಕಿ ಮನೆ ಮುಟ್ಟುವಷ್ಟರಲ್ಲಿ ಚೀಲದ ತಳದಲ್ಲಿರುತ್ತಿತ್ತು. ತಕ್ಕಡಿಯಂತೂ ಅವರ ಕೈಗೆ ಒಗ್ಗಲೇ ಇಲ್ಲ. ಈಗಿನ ತಕ್ಕಡಿ ಅಂಕಿ ತೋರಿಸುತ್ತದೆ, ಅಂಕಿ ಬಂದಲ್ಲಿ ಕೈ ನಿಲ್ಲಬೇಕು. ಅವರ ಕೈ ನಿಲ್ಲುತ್ತಿರಲಿಲ್ಲ. ಎದುರಿಗೆ ಬಡವರು ನಿಂತಿದ್ದರೆ ಒಂದು ಹಿಡಿ ಕೊಸರು, ಕೂಸು ಎತ್ತಿಕೊಂಡಿದ್ದರೆ ಇನ್ನೊಂದು. ಬಸ್ಸಿನ ಮುಂದೆ ಚಿಲ್ಲರೆಗೆ ಅಡ್ಡ ನಿಲ್ಲುವ ಮನುಷ್ಯ, ನಮ್ಮ ಬೇಳೆಯನ್ನು ಹೀಗೆ ಹಂಚುತ್ತಿದ್ದರು. ಅಪ್ಪ ಗಲ್ಲಾದ ಹಿಂದೆ ಕೂತು ಹಲ್ಲು ಕಚ್ಚುತ್ತಿದ್ದ. ಹೇಳುವುದು ಹೇಗೆ? ನನ್ನ ಕಿವಿ ಹಿಂಡಿದ ಮಾಸ್ತರರಿಗೆ ನಾನಂತೂ ಹೇಳಲಾರೆ.

ಗಿರಾಕಿಗಳಿಗೆ ಅದಕ್ಕಿಂತ ಸಂಕಟ. ಮುಪ್ಪಿನ ರೈತರು ಒಳಗೆ ಬಂದು ದೊಡ್ಡ ಸಾರನ್ನು ಕಂಡು, ಚಪ್ಪಲಿ ಹೊರಗೆ ಬಿಟ್ಟು ಮತ್ತೆ ಬರುತ್ತಿದ್ದರು. ದರ ಚೌಕಾಸಿ ಮಾಡುವವರ ದನಿ ಇಳಿದುಹೋಯಿತು. ಒಬ್ಬ ಹಳೆಯ ವಿದ್ಯಾರ್ಥಿ, ಈಗ ಲಾರಿ ಓಡಿಸುವವನು, ಎಣ್ಣೆಯ ಡಬ್ಬಿ ಅವರ ಕೈಯಿಂದ ಕಸಿದುಕೊಂಡು ತಾನೇ ಕೆಳಗಿಳಿಸಿ, ಅವರ ಕಾಲು ಮುಟ್ಟಿ, ಏನೂ ಕೊಳ್ಳದೆ ಹೋದ. ಕೆಲವರು ನಮ್ಮ ಅಂಗಡಿ ಬಿಟ್ಟು ಮುಂದಿನ ಅಂಗಡಿಗೆ ಹೋಗತೊಡಗಿದರು.

ಇನ್ನೊಂದು ತರಹದವರೂ ಇದ್ದರು. ನಮ್ಮವರೇ ಆದ ಹಿರಿಯ ವ್ಯಾಪಾರಿಯೊಬ್ಬರು ಅಪ್ಪನ ಕಿವಿಯ ಹತ್ತಿರ ಬಾಗಿ, "ಮನ್ಯಾಗ ಪೂಜಾ ಅದ. ಬೆಲ್ಲ ನೀನೇ ತೂಗು," ಎಂದರು. ಅಪ್ಪ ಎದ್ದ. ಅದು ದೊಡ್ಡ ಸಾರಿಗೆ ಕೇಳಿಸಿತು. ಅವರು ತಕ್ಕಡಿ ಬಿಟ್ಟು ಸರಿದು, ಮೂಲೆಯಲ್ಲಿ ತತ್ತಿಯ ಟ್ರೇಗಳನ್ನು ಸರಿಯಾಗಿ ಜೋಡಿಸತೊಡಗಿದರು. ಅವು ಮೊದಲೇ ಸರಿಯಾಗಿದ್ದವು.

ಅಂಗಡಿಯ ಒಳಬಾಗಿಲಲ್ಲಿ ನಮ್ಮ ಕುಡಿಯುವ ನೀರಿನ ಕೊಡ ಇರುತ್ತದೆ. ದೊಡ್ಡ ಸಾರ್ ಮೊದಲ ದಿನ ಬಿಟ್ಟರೆ ಮರುದಿನದಿಂದ ತಮ್ಮ ನೀರಿನ ಬಾಟಲಿ ತಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಇಂದಿಗೂ ನನಗೆ ತಲೆ ಎತ್ತಲಾಗದಂತೆ ಮಾಡುವುದು ಅದೇ.

ಒಂದು ಸಂಜೆ ತುಳಜಮ್ಮ ಬಂದಳು. ಒಳಗೆ ಬರಲಿಲ್ಲ, ರಸ್ತೆಯಲ್ಲೇ ನಿಂತು ಕರೆದಳು.

"ಸಾರ್, ಹೊರಗ ಬರ್ರಿ."

"ಏನದ ತುಳಜಮ್ಮ, ಉಪ್ಪು ಬೇಕೇನು?"

ಆಕೆ ನಗಲಿಲ್ಲ. "ನೀವು ಇಲ್ಲಿ ನಿಂತಿದ್ದು ಊರಿಗೆಲ್ಲ ಗೊತ್ತಾಗ್ಯಾದ. 'ಮಾಸ್ತರಿಗಿ ಕೂಲಿಗಿ ಹಚ್ಚಿದಾಕಿ' ಅಂತಾರ ನನಗ. ನೀರಿಗಿ ಹೋದ್ರ ಅಂತಾರ, ಗಿರಣಿಗಿ ಹೋದ್ರ ಅಂತಾರ. ಬೋಗೋಣಿ ಒಯ್ದಾಗ ಒಂದಿನ ಮಾರಿ ತಗ್ಗಿಸಿದ್ದೆ. ಈಗ ದಿನಾ ತಗ್ಗಸ್ಲಾಕತ್ತೀನಿ."

ದೊಡ್ಡ ಸಾರ್ ಕೈಯಲ್ಲಿದ್ದ ಕಾಗದವನ್ನು ಮಡಚುತ್ತಾ ನಿಂತರು. ಇದನ್ನು ಅವರು ಯೋಚಿಸಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಸಾಲ ನನ್ನ ಮ್ಯಾಲೆ ಬೀಳಬಾರದಂತ ನೀವು ಹೊತ್ತೀರಿ," ಎಂದಳು ತುಳಜಮ್ಮ. "ಒಳ್ಳೇದು ಮಾಡಾಕ ಹೋಗಿ ಮಾಡೀರಿ. ಖರೇ ಇದು ನಂದೂ ಅಲ್ಲ, ನಿಮ್ದೂ ಅಲ್ಲ. ನಾವಿಬ್ರೂ ಯಾಕ ನಾಚ್ಕೋಬೇಕು? ನಾಚ್ಕೋಬೇಕಾದವರು ಕಚೇರ್ಯಾಗ ಪಂಖಾದ ಕೆಳಗ ಕುಂತಾರ."

"ಮತ್ತ ನಾ ಏನ್ ಮಾಡ್ಲಿ ಹೇಳು."

"ಅಲ್ಲಿಗಿ ನಡೀರಿ. ನಾನೂ ಬರ್ತೀನಿ, ಸಾವ್ಕಾರ್ರೂ ಬರ್ಲಿ. ಮೂವರೂ ಹೋಗಿ ಕೂಡೋಣ."

ಇಬ್ಬರೂ ಅಪ್ಪನ ಕಡೆ ನೋಡಿದರು. ಅಪ್ಪ ಗಲ್ಲಾ ತೆರೆದು, ಆಗಲೇ ಎಣಿಸಿಟ್ಟ ನೋಟುಗಳನ್ನು ಮತ್ತೆ ಎಣಿಸಿದ. "ನೋಡೋಣ, ಈ ಸಂತಿ ಮುಗೀಲಿ," ಎಂದ. ಸಂತೆ ಮುಗಿಯಿತು. ಅಪ್ಪ ಹೋಗಲಿಲ್ಲ. ತುಳಜಮ್ಮ ಮತ್ತು ದೊಡ್ಡ ಸಾರ್ ಇಬ್ಬರೇ ಹೋಗಿ ಕಚೇರಿಯ ಮುಂದೆ ಕುಳಿತು, ಸಾಹೇಬರು ಸಿಗದೆ ಬಂದರು.

ಅಷ್ಟರಲ್ಲಿ ಯಾರೋ ದೊಡ್ಡ ಸಾರ್ ಬೇಳೆ ತೂಗುವ ಫೋಟೋ ತೆಗೆದು ಫೋನಿನಲ್ಲಿ ಹಂಚಿದ್ದರು. ತೆಗೆದವರ ಮನಸ್ಸಿನಲ್ಲಿ ಕೆಡುಕು ಇತ್ತೋ, ಮರುಕ ಇತ್ತೋ. ಕೈಯಿಂದ ಕೈಗೆ ಹೋಗುತ್ತಾ ಅದರ ಕೆಳಗಿನ ಬರಹ ಬದಲಾಯಿತು. ಒಂದರಲ್ಲಿ ಆದರ್ಶ ಶಿಕ್ಷಕ, ಇನ್ನೊಂದರಲ್ಲಿ ಸರಕಾರಿ ಪಗಾರ ಸಾಕಾಗದ ಮಾಸ್ತರ. ಬಿಲ್ಲಿಗೆ ಉತ್ತರ ಕೊಡದ ಕಚೇರಿ ಫೋಟೋಕ್ಕೆ ಕೂಡಲೇ ಉತ್ತರ ಕೊಟ್ಟಿತು. ಸರಕಾರಿ ನೌಕರರು ಖಾಸಗಿ ಕೆಲಸ ಮಾಡಬಾರದು. ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಮೆಮೊ. ಅಂದಿನಿಂದ ದೊಡ್ಡ ಸಾರ್ ಅಂಗಡಿಗೆ ಬರುವುದು ನಿಂತಿತು.

ವಿಚಾರಣೆ ಶಾಲೆಯಲ್ಲೇ ನಡೆಯಿತು. ಅಪ್ಪನಿಗೂ ಕರೆ ಬಂತು. ತೆಲುಗು ಬರಹ ಅಪ್ಪನಿಗೆ ಅಷ್ಟಕ್ಕಷ್ಟೆ, ಅದಕ್ಕೆ ನನ್ನನ್ನೂ ಜೊತೆಗೆ ಕರೆದುಕೊಂಡ. ಹೋಗುವಾಗ ದಾರಿಯುದ್ದಕ್ಕೂ, "ಹೇಳ್ತೀನಿ. ಇದ್ದದ್ದು ಇದ್ದಂಗ ಹೇಳ್ತೀನಿ. ಬಿಲ್ಲು ಕೊಡ್ರಿ, ನಾವು ಯಾಕ ಹಿಂಗ ಮಾಡ್ತೀವಿ ಅಂತೀನಿ," ಎನ್ನುತ್ತಿದ್ದ. ನನಗೆ ಹೆಮ್ಮೆಯಾಗಿತ್ತು.

ವಿಚಾರಣೆಗೆ ಬಂದ ಅಧಿಕಾರಿ ದೊಡ್ಡ ದನಿಯವರೇನೂ ಅಲ್ಲ. ದಣಿದಂತಿದ್ದರು. ಅಪ್ಪನಿಗೆ ಕುರ್ಚಿ ಕೊಡಿಸಿದರು. ಮೊದಲು ಅಂಗಡಿಯ ಹೆಸರು, ಲೈಸೆನ್ಸು, ತೆರಿಗೆಯ ನಂಬರು ಕೇಳಿ ಬರೆದುಕೊಂಡರು. ಅಷ್ಟಕ್ಕೇ ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ಆಮೇಲೆ ಕೇಳಿದರು, ಇವರು ನಿಮ್ಮ ಅಂಗಡಿಯಲ್ಲಿ ಯಾಕೆ ಕೆಲಸ ಮಾಡಿದರು?

ಅಪ್ಪ ನೆಲ ನೋಡಿದ. "ಗೊತ್ತಿಲ್ರಿ ಸಾಹೇಬ್ರೇ. ತಾವಾಗೇ ಬಂದು ನಿಂತ್ರು."

"ಊಟದ ಸಾಮಾನಿನ ಬಾಕಿ ಇತ್ತು, ಅದಕ್ಕೆ ಅಂತ ಇವರು ಬರೆದುಕೊಟ್ಟಿದ್ದಾರೆ. ನೀವು ಬೋಗೋಣಿ ಒಯ್ದದ್ದು ನಿಜವೇ?"

"ಸಣ್ಣಪುಟ್ಟ ಉದ್ರಿ ಎಲ್ಲಾರದೂ ಇರ್ತದ್ರಿ. ನಾ ಯಾರಿಗಿ ತ್ರಾಸ ಕೊಟ್ಟಿಲ್ಲ."

ದೊಡ್ಡ ಸಾರ್ ತಲೆಯೆತ್ತಿ ಅಪ್ಪನನ್ನು ನೋಡಿದರು. ಸಿಟ್ಟಿರಲಿಲ್ಲ. ಉತ್ತರ ಗೊತ್ತಿದ್ದೂ ಹೇಳದೆ ನಿಂತ ಹುಡುಗನನ್ನು ತರಗತಿಯಲ್ಲಿ ನೋಡುತ್ತಿದ್ದ ನೋಟ ಅದು. ಇನ್ನೊಂದು ಕ್ಷಣ ಕೊಟ್ಟರೆ ಹೇಳಿಯಾನು ಅನ್ನುವಂಥದು. ಆ ಕ್ಷಣವೂ ಕಳೆಯಿತು. ಅಧಿಕಾರಿ ಬರೆದದ್ದನ್ನು ನಾನು ಓದಿ ಹೇಳಿದೆ, ಅಪ್ಪ ಸಹಿ ಮಾಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಳಜಮ್ಮ ಎಲ್ಲವನ್ನೂ ಕೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಅವಳನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಹೊರಗೆ ಬಂದಾಗ ದೊಡ್ಡ ಸಾರ್ ನಮ್ಮ ಹಿಂದೆಯೇ ಬಂದರು. "ಬಿಸಲು ಭಾಳ ಅದ ಸಾವ್ಕಾರ್ರೇ. ಆಟೋದಾಗ ಹೋಗ್ರಿ, ಈ ಹುಡುಗಿಗಿ ನಡಸಬ್ಯಾಡ್ರಿ," ಎಂದು ಅಷ್ಟೇ ಹೇಳಿ ಒಳಗೆ ಹೋದರು.

ಅವರ ವಾರ್ಷಿಕ ವೇತನ ಬಡ್ತಿ ಕಡಿತವಾಯಿತು. ನಿವೃತ್ತಿ ಹತ್ತಿರದಲ್ಲೇ ಇತ್ತು. ವಿಚಾರಣೆಯ ಕಾಗದ ಸಿಕ್ಕಿಕೊಂಡು ಪಿಂಚಣಿ ಬಹಳ ಕಾಲ ಬರಲಿಲ್ಲ. ಜಹೀರಾಬಾದಿನ ಮನೆ ಬಾಡಿಗೆಗೆ ಕೊಟ್ಟು ತಾಂಡೂರಿನ ಮಗಳ ಮನೆಗೆ ಹೋಗಿದ್ದಾರೆ ಎಂದು ತಿಳಿಯಿತು. ಇತ್ತ ಊಟದ ಬಿಲ್ಲು, ಯಾರ ಗದ್ದಲವೂ ಇಲ್ಲದ ಒಂದು ದಿನ, ತಾನಾಗೇ ಬಂತು. ತುಳಜಮ್ಮ ಅಂಗಡಿಗೆ ಬಂದು ಪೂರ್ತಿ ಬಾಕಿ ಗಲ್ಲಾದ ಮೇಲಿಟ್ಟಳು. ಅಪ್ಪ ಅದರಿಂದ, ದೊಡ್ಡ ಸಾರ್ ನಿಂತ ದಿನಗಳ ಕೂಲಿಯಷ್ಟನ್ನು ತೆಗೆದು ಅವಳಿಗೆ ಮರಳಿಸಲು ಹೋದ.

"ನನಗ್ಯಾಕ ಕೊಡ್ತೀರಿ?" ಎಂದಳು. "ದುಡದವರು ಅವರು. ಅವರಿಗಿ ಮುಟ್ಟಸ್ರಿ."

ಅಪ್ಪ ಆ ರೊಕ್ಕ ಬೇರೆ ಇಟ್ಟ. ಮುಂದಿನ ವಾರ ಹೋಗಿ ಕೊಟ್ಟು ಬರ್ತೀನಿ ಎಂದ. ತೊಗರಿಯ ಸುಗ್ಗಿ ಬಂತು, ಹೋಗಲಿಲ್ಲ. ನನ್ನ ಮದುವೆ ಬಂತು, ಹೋಗಲಿಲ್ಲ. ನನಗೆ ಜಹೀರಾಬಾದಿನ ಹತ್ತಿರದ ಶಾಲೆಯಲ್ಲಿ ನೌಕರಿಯಾಯಿತು. ನಮ್ಮಲ್ಲೂ ಅಡುಗೆಯ ಅಮ್ಮ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು, "ಬಿಲ್ಲು ಬಂತೇನ್ರಿ?" ಎಂದು ಕೇಳುತ್ತಾಳೆ. ಆಗ ಎಲ್ಲರಿಗೂ ಒಮ್ಮೆಲೇ ತಿದ್ದಬೇಕಾದ ಪೇಪರುಗಳು ನೆನಪಾಗುತ್ತವೆ.

ದೊಡ್ಡ ಸಾರ್ ತೀರಿಕೊಂಡ ಸುದ್ದಿ ಬಂದ ಮೇಲೆ ಅಪ್ಪ ನನಗೆ ಫೋನು ಮಾಡಿ, "ನೀನೂ ಬಾ. ಒಬ್ಬನೇ ಹೋಗಾಕ ಆಗಂಗಿಲ್ಲ," ಎಂದ. ಇಬ್ಬರೂ ಜಹೀರಾಬಾದಿನಿಂದ ಬಸ್ಸು ಹಿಡಿದು ಹೋದೆವು. ತಾಂಡೂರಿನ ಒಂದು ಓಣಿಯಲ್ಲಿ, ಅಂಗಳಕ್ಕೆಲ್ಲ ನುಣುಪು ಪರಸಿ ಕಲ್ಲು ಹಾಸಿದ ಸಣ್ಣ ಮನೆ. ಅವರ ಹೆಂಡತಿ ನಮ್ಮನ್ನು ಮೊದಲು ಕಂಡವರಲ್ಲ. ಅಪ್ಪ ನಾರಾಯಣಖೇಡದ ಅಂಗಡಿ ಎಂದ ಕೂಡಲೇ ಅವರ ಮುಖ ಅರಳಿತು.

"ಸಾವ್ಕಾರ್ರೇನ್ರಿ! ಬರ್ರಿ, ಕೂಡ್ರಿ. ನಿಮ್ಮ ಅಂಗಡಿ ಮಾತು ಭಾಳ ಹೇಳ್ತಿದ್ರು. ಪುಡಿಕೆ ಕಟ್ಟಾಕ ಬರದೆ ನೀವೆಲ್ಲಾ ನಗಾಡಿದ್ದು, ಸಕ್ರಿ ಚೆಲ್ಲಿದ್ದು. ಹೇಳಿ ಹೇಳಿ ತಾವೇ ನಗ್ತಿದ್ರು."

ಮಗಳು ಚಹಾ ತಂದಿಟ್ಟಳು. ಅಪ್ಪ ಬಾಯಿ ಸುಟ್ಟುಕೊಂಡು ಒಂದೇ ಗುಟುಕಿಗೆ ಕುಡಿದ. ರೊಕ್ಕದ ಲಕೋಟೆ ತೆಗೆದು ಕೊಟ್ಟು, ಅದು ದೊಡ್ಡ ಸಾರಿನ ಕೂಲಿ ಎಂದೂ ತುಳಜಮ್ಮ ಹೇಳಿದ ಮಾತನ್ನೂ ತಿಳಿಸಿದ. ಅವರು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ನೀವು ಒಳ್ಳೆಯವರು," ಎಂದರು. "ಪಿಂಚಣಿ ನಿಂತಾಗ ನಾ ಅವರಿಗಿ ಬೈತಿದ್ದೆ. ಊರ ಉಸಾಬರಿ ಮಾಡಾಕ ಹೋದ್ರಿ, ನಿಮ್ಮ ಹಿಂದ ಯಾರು ಬಂದ್ರು ಅಂತ. 'ಹಂಗನ್ನಬ್ಯಾಡ, ಸಾವ್ಕಾರ್ರು ಬಂದಿದ್ರು. ಸಾಹೇಬನ ಮುಂದ ನನ್ನ ಕಡಿ ಸಾಕ್ಷಿ ಹೇಳಿದ್ರು. ಪಾಪ, ಅವರ ಮಾತೂ ನಡೀಲಿಲ್ಲ' ಅಂತಿದ್ರು."

ಅಪ್ಪ ಇಲ್ಲಿಂದ ಹೀಗೇ ಎದ್ದು ಬಂದುಬಿಡಬಹುದಿತ್ತು. ನಾನೂ ಹಾಗೇ ಅಂದುಕೊಂಡೆ. ಅವನು ಖಾಲಿ ಕಪ್ಪನ್ನು ಕೆಳಗಿಟ್ಟ.

"ಇಲ್ರೀ ತಾಯಿ," ಎಂದ. "ಹೇಳಲಿಲ್ಲ ನಾನು."

"ಏನ್ರಿ?"

"ಸಾಕ್ಷಿ ಹೇಳಲಿಲ್ಲ. ಗೊತ್ತಿಲ್ಲ ಅಂದೆ. ಅವರು ಎದರಿಗೇ ಕುಂತಿದ್ರು. ನನಗೆಲ್ಲಾ ಗೊತ್ತಿತ್ತು. ಅಂಜಿ ಗೊತ್ತಿಲ್ಲ ಅಂದೆ."

ಅವರು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನನ್ನೇ ನೋಡಿದರು. ಗೋಡೆಯ ಮೇಲೆ ಬುದ್ಧನ ಚಿತ್ರದ ಕೆಳಗೆ ದೊಡ್ಡ ಸಾರಿನ ಫೋಟೋ ಇತ್ತು, ಕಪ್ಪು ಮೀಸೆ, ಬಿಳಿ ಅಂಗಿ. ಅಪ್ಪ ಆ ಕಡೆ ಒಮ್ಮೆಯೂ ತಿರುಗಲಿಲ್ಲ. ಒಳಗೆ ಮಗಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ದಣಿದ ದನಿಯಲ್ಲಿ ಹೇಳಿದರು:

"ಇದನ್ನ ಹೇಳಾಕ ಅವರು ಇದ್ದಾಗ ಬರಬೇಕಿತ್ರಿ ನೀವು. ನಿಮ್ಮ ಸಲುವಾಗಿ ನನಗ ಈ ಸುಳ್ಳು ಹೇಳೂದಾದ್ರೂ ಅವರಿಗಿ ತಪ್ಪತಿತ್ತು."